ಸಂದಿಯಕ್ಕ ಮಷೀನು ಆರಿಸಿದ್ದು

ಅವಳನ್ನು ಕೆಲಸದ ಜಾಗದಲ್ಲಿ ಎಲ್ಲರೂ ಸಂದಿಯಕ್ಕ ಎನ್ನುತ್ತಿದ್ದರು. ಗೋಡೆಗೂ ನೆಲಕ್ಕೂ ಕೂರಿಸಿದ ಟೈಲ್ಸುಗಳ ನಡುವಿನ ಸಿಮೆಂಟು ಹಳತಾಗಿ, ಕಪ್ಪಿಟ್ಟು, ಅಲ್ಲಲ್ಲಿ ಉದುರಿ ನೀರು ಕುಡಿಯತೊಡಗಿದಾಗ ಅದನ್ನು ಕೆರೆದು ತೆಗೆದು ಹೊಸದನ್ನು ತುಂಬುವುದು ಅವಳ ಕಸುಬು. ಅಂಚು ಒಡೆಯದೆ, ಹೊಳಪಿನ ಮೇಲೆ ಗೀರು ಬೀಳದೆ, ಕಡ್ಡಿಯಷ್ಟು ಅಗಲದ ಸಂದಿಯೊಳಗೆ ಕೈ ಆಡಿಸಬೇಕು. ಆ ಕೈ ಅವಳಿಗಿತ್ತು. ಇಲ್ಲದ್ದು ಒಳ್ಳೆಯ ಮಾತು. ಕೋಪ ಸದಾ ಮೂಗಿನ ತುದಿಯಲ್ಲಿ, ಮಾತು ಕಡ್ಡಿ ಮುರಿದ ಹಾಗೆ. ‘ಅವಳ ಮುಖ ಕಂಡರೆ ಕಾಯಿಸಿಟ್ಟ ಹಾಲೂ ಒಡೆಯುತ್ತೆ’ ಎಂದು ಜೊತೆಯ ಆಳುಗಳು ಬೆನ್ನ ಹಿಂದೆ ನಗುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಒಡೆದರೆ ಒಡೆಯಲಿ, ನಾನೇನು ಹಾಲು ಮಾರೋಕೆ ಬಂದಿದ್ದೀನಾ ಎಂದುಕೊಂಡು ಸುಮ್ಮನಾಗಿದ್ದಳು.

ನಲವತ್ತೆರಡು ತುಂಬುವವರೆಗೆ ಅವಳು ಈ ಕೆಲಸ ಮುಟ್ಟಿದವಳಲ್ಲ. ಅದು ಗಂಡನ ಕೆಲಸ. ಹದಿನೆಂಟು ವರ್ಷ ಅವನು ತನ್ನ ಅಣ್ಣನ ಕೈಕೆಳಗೆ ಟೈಲ್ಸ್ ಕೂರಿಸಿದ. ಅಣ್ಣ ಮೇಸ್ತ್ರಿ, ತಮ್ಮ ಅಣ್ಣನ ಮಾತಿಗೆ ತಲೆಯಾಡಿಸುವವನು. ಒಮ್ಮೆ ಅವಳು ಗಂಡನಿಗೆ ಊಟದ ಡಬ್ಬಿ ಕೊಡಲು ಹೋದಾಗ ಆ ಕೋಣೆಯಲ್ಲಿ ಯಾರು ಎಲ್ಲಿದ್ದಾರೆಂದೇ ಕಾಣಲಿಲ್ಲ. ಗ್ರೈಂಡರಿನ ಚಕ್ರ ಕಿರುಚುತ್ತಿತ್ತು, ಬಿಳಿ ಧೂಳು ಬಾಗಿಲಿನಿಂದ ಉಕ್ಕುತ್ತಿತ್ತು. ಹೊರಗೆ ಬಂದ ಗಂಡನ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿದ್ದವು. ಅವಳು ಮೇಸ್ತ್ರಿಯ ಎದುರು ನಿಂತು, “ಭಾವ, ನೀರು ಹಾಕ್ಕೊಂಡು ಕತ್ತರಿಸಬಹುದಲ್ಲ?” ಎಂದಿದ್ದಳು.

“ನೀರು ಹಾಕಿದ್ರೆ ಕೆಸರಾಗುತ್ತೆ. ಕೆಸರಾದ್ರೆ ಒರೆಸಬೇಕು. ಒರೆಸ್ತಾ ಕೂತ್ರೆ ಕೆಲಸ ಮುಗಿಯೋದು ಯಾವಾಗ? ಧೂಳು ತಿಂದವನೇ ಕಣಮ್ಮಾ ಮೇಸ್ತ್ರಿ ಆಗೋದು. ನಾನೂ ತಿಂದಿದ್ದೀನಿ, ಕಲ್ಲಿನ ಹಾಗಿದ್ದೀನಿ.”

ಗಂಡ ಪಕ್ಕದಲ್ಲಿ ನಿಂತು ನಕ್ಕಿದ್ದ. ಆ ನಗುವಿನ ಕೊನೆಗೆ ಕೆಮ್ಮು ಬಂದಿತ್ತು. ಆಮೇಲೆ ನಗುವಿಲ್ಲದೆಯೂ ಬರತೊಡಗಿತು. ಎರಡು ಮಹಡಿ ಹತ್ತಿದರೆ ಗೋಡೆ ಹಿಡಿದು ನಿಲ್ಲುವ ಹಾಗಾದಾಗ ಆಸ್ಪತ್ರೆಗೆ ಹೋದರು. ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, “ಇದು ಕಲ್ಲಿನ ಧೂಳು. ಒಳಗೆ ಕೂತಿದ್ದು ಹೊರಗೆ ಬರಲ್ಲ. ಹೊಸದು ಒಳಗೆ ಹೋಗದ ಹಾಗೆ ನೋಡ್ಕೊಳ್ಳಿ, ಅಷ್ಟೇ ನಮ್ಮ ಕೈಲಿರೋದು” ಎಂದರು. ಅಂದಿನಿಂದ ಗಂಡ ಮನೆ ಸೇರಿದ. ಅವನ ಕರಣೆ, ಉಳಿ, ಮಟ್ಟಗೋಲುಗಳ ಚೀಲ ಅವಳ ಹೆಗಲಿಗೆ ಬಂತು. ಸಂದಿ ಕೆರೆಯುವ ಕೆಲಸವನ್ನು ಗಂಡನೇ ಅಡುಗೆಮನೆಯ ಗೋಡೆಯ ಮೇಲೆ ಕಲಿಸಿಕೊಟ್ಟ. ಮೇಸ್ತ್ರಿ ಅವಳನ್ನು ಕೆಲಸಕ್ಕೆ ಸೇರಿಸಿಕೊಂಡ ದಿನ ಎಲ್ಲರಿಗೂ ಕೇಳುವಂತೆ, “ಏನ್ ಮಾಡೋದು, ನಮ್ಮನೆಯವರು ಉಪವಾಸ ಬೀಳಬಾರದಲ್ಲ” ಎಂದ. ಆ ಮಾತನ್ನು ಅವಳು ನುಂಗಿಕೊಂಡಳು. ಅರಗಿಸಿಕೊಳ್ಳಲಿಲ್ಲ.

ಹೀಗೆ ಎಣ್ಣೆ ಸೀಗೆಕಾಯಿಯ ಹಾಗೆ ಮೂರು ವರ್ಷ ಕಳೆದ ಮೇಲೆ ಹಾಸ್ಟೆಲಿನ ಕೆಲಸ ಬಂತು. ದುಡಿಯುವ ಹೆಂಗಸರ ಹಾಸ್ಟೆಲು. ನಾಲ್ಕು ಮಹಡಿ, ಮೂವತ್ತಾರು ಬಚ್ಚಲು. ಎಲ್ಲ ಬಚ್ಚಲುಗಳ ಸಂದಿಗಳೂ ಹಾಳಾಗಿ ಮೇಲಿನ ನೀರು ಕೆಳಗಿನ ಛಾವಣಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಯಾರನ್ನೂ ಖಾಲಿ ಮಾಡಿಸದೆ, ಜನ ಇರುವಾಗಲೇ ಕೆಲಸ ಆಗಬೇಕಿತ್ತು. ಅಲ್ಲಿನ ವಾರ್ಡನ್ ಹಿಂದೆ ನರ್ಸಾಗಿದ್ದವರು. ಸಣ್ಣ ದೇಹ, ಸೂಜಿ ಚುಚ್ಚಿದಂಥ ನೋಟ.

ಮೊದಲ ದಿನವೇ ಮೇಸ್ತ್ರಿ ಗ್ರೈಂಡರ್ ಹೊರತೆಗೆದ. ಸಂದಿಯಕ್ಕ ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿದಳು. ಏನೂ ಉಪಯೋಗವಾಗಲಿಲ್ಲ. ಒಂದು ಗಂಟೆಯೊಳಗೆ ಆ ಮಹಡಿಯ ಉದ್ದಕ್ಕೂ ಹೆಜ್ಜೆ ಗುರುತು ಮೂಡುವಷ್ಟು ಧೂಳು ಕೂತಿತು. ಹಗ್ಗದ ಮೇಲೆ ಒಣಗಿದ್ದ ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಹುಡುಗಿಯೊಬ್ಬಳು ಕೆಮ್ಮುತ್ತ ಹೊರಗೆ ಬಂದು, ಮೇಸ್ತ್ರಿಯ ಜನ್ಮ ಜಾಲಾಡಿದಳು. ವಾರ್ಡನ್ ಬಂದರು. ಬಾಗಿಲ ಚೌಕಟ್ಟಿನ ಮೇಲೆ ಬೆರಳೆಳೆದು ಆ ಬೆರಳನ್ನು ಮೇಸ್ತ್ರಿಯ ಮೂಗಿನ ಮುಂದೆ ಹಿಡಿದರು.

“ಇದೇನಿದು?”

“ಕೆಲಸ ಅಂದ್ಮೇಲೆ ಧೂಳು ಇರುತ್ತಮ್ಮಾ.”

“ಹಾಗಾದ್ರೆ ಕೆಲಸ ಬೇಡ. ಒಂದು ವಾರ ಟೈಮ್ ಕೊಡ್ತೀನಿ. ಧೂಳು ಬಚ್ಚಲಿನ ಬಾಗಿಲು ದಾಟದ ಹಾಗೆ ಮಾಡೋಕೆ ಆಗೋದಾದ್ರೆ ಬನ್ನಿ. ಇಲ್ಲದಿದ್ರೆ ಈ ಮೆಟ್ಟಿಲು ಹತ್ತಬೇಡಿ.”

ಕೆಳಗಿಳಿದು ರಸ್ತೆಯ ಬದಿಯಲ್ಲಿ ನಿಂತು ನಾಲ್ವರೂ ಮಾತಾಡಿದರು: ಮೇಸ್ತ್ರಿ, ಸಂದಿಯಕ್ಕ, ಇಬ್ಬರು ಆಳುಗಳು. ನೀರು ಹಾಕಿ ಕೊಯ್ಯುವಂತಿಲ್ಲ. ಸಂದಿ ತೆರೆದ ನೆಲ, ಕೆಸರೆಲ್ಲ ಕೆಳಗಿನ ಮಹಡಿಗೆ ಇಳಿಯುತ್ತದೆ. ಕೈಯಲ್ಲೇ ಕೆರೆದರೆ ಒಂದು ಗೋಡೆಗೆ ಒಂದು ದಿನ; ಮೂವತ್ತಾರು ಬಚ್ಚಲು ಮುಗಿಯುವಷ್ಟರಲ್ಲಿ ವಾರ್ಡನ್ನಿಗೆ ಮುಪ್ಪು ಬರುತ್ತದೆ. ಇಬ್ಬರು ಆಳುಗಳಲ್ಲಿ ಎತ್ತರದವನು, ಎಲ್ಲರೂ ಉದ್ದಣ್ಣ ಎನ್ನುವವನು, “ಅಲುಗೋ ಮಲ್ಟಿ ಟೂಲ್ ಅಂತ ಇದೆಯಲ್ಲ, ಅದು ಗ್ರೈಂಡರಿನ ಹಾಗೆ ತಿರುಗಲ್ಲ. ಅಲಗು ಎಡಕ್ಕೆ ಬಲಕ್ಕೆ ಕೂದಲೆಳೆಯಷ್ಟು ಆಡುತ್ತೆ. ಧೂಳು ಹಾರೋದು ಕಮ್ಮಿ. ವ್ಯಾಕ್ಯೂಮ್ ಪೈಪು ಸಿಕ್ಕಿಸೋಕೂ ಆಗುತ್ತೆ” ಎಂದ.

“ಸರಿ, ಒಂದು ತಂದು ಬಿಸಾಕೋಣ. ಯಾವುದಾದ್ರೇನು, ಎಲ್ಲಾ ಒಂದೇ” ಎಂದ ಮೇಸ್ತ್ರಿ.

“ಒಂದೇ ಅಲ್ಲ” ಎಂದಳು ಸಂದಿಯಕ್ಕ. “ನಾನು ನೋಡಿ ಆರಿಸ್ತೀನಿ.”

“ನೀನು?” ಮೇಸ್ತ್ರಿ ಆಳುಗಳ ಕಡೆ ತಿರುಗಿ ಕಣ್ಣು ಮಿಟುಕಿಸಿದ. “ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ.”

“ನೆಲ ಡೊಂಕೋ ನೆಟ್ಟಗೋ ನೋಡೋಕೆ ನಿಮ್ಮತ್ರ ಮಟ್ಟಗೋಲಿದೆಯಲ್ಲ ಭಾವ, ಇಟ್ಟು ನೋಡಿ.”

ಉದ್ದಣ್ಣ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಮೇಸ್ತ್ರಿಯ ಕಿವಿ ಕೆಂಪಾಯಿತು. ಅವಳು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು.

ಮನೆಗೆ ಬಂದವಳೇ ಗಂಡನಿಗೆ, “ಒಂದು ಹಲಗೆ ಮೇಲೆ ಹನ್ನೆರಡು ಟೈಲ್ಸ್ ಕೂರಿಸಿಕೊಡಿ” ಎಂದಳು. ಏನಕ್ಕೆ ಎಂದು ಕೇಳಿದ. ಅಂಗಡಿಯವನ ಬಾಯಿ ಮಾತು ನಂಬಿ ಕೊಳ್ಳುವುದಿಲ್ಲ, ನನ್ನ ಗೋಡೆಯನ್ನು ನಾನೇ ಹೊತ್ತುಕೊಂಡು ಹೋಗಿ ಅಲ್ಲೇ ಕೊರೆದು ನೋಡುತ್ತೇನೆ ಎಂದಳು. ಗಂಡನಿಗೆ ಗಾಬರಿ. “ಅಣ್ಣ ಬೇಜಾರು ಮಾಡ್ಕೋತಾನೆ ಕಣೇ. ನೀನು ಸುಮ್ನೆ ಅವನನ್ನ ಎದುರು ಹಾಕ್ಕೋಬೇಡ.”

“ಎದುರು ಹಾಕ್ಕೊಳ್ಳದೇ ಇದ್ದಿದ್ದಕ್ಕೇ ನೀವು ಹೀಗೆ ಕುರ್ಚಿಯಲ್ಲಿ ಕೂತಿದ್ದೀರಿ.”

ಹೇಳಿದ ಮೇಲೆ ಅವಳಿಗೇ ಚುರುಕ್ಕೆಂದಿತು. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಗಂಡ ಕುರ್ಚಿಯಿಂದ ಎದ್ದು ಹಲಗೆ ಹುಡುಕಿ ತಂದ. ಆಮೇಲೆ, “ಸಿಮೆಂಟು ನೀನೇ ಹೊರಗೆ ಕಲಸ್ಕೊಂಡು ಬಾ. ಒಣಪುಡಿ ನನ್ನ ಮುಂದೆ ತರಬೇಡ” ಎಂದ. ಅವಳು ಕಲಸಿ ತಂದಳು. ಅವನು ಮೂರು ವರ್ಷದ ಮೇಲೆ ಕರಣೆ ಹಿಡಿದ. ಮಧ್ಯೆ ಎರಡು ಸಲ ನಿಂತು ಉಸಿರು ತಿರುಗಿಸಿಕೊಂಡ. ಆದರೆ ಹನ್ನೆರಡು ಟೈಲ್ಸುಗಳ ನಡುವೆ ಒಂದು ಸಂದಿಯೂ ಒಂದು ಎಳೆ ಹೆಚ್ಚು ಕಡಿಮೆ ಇರಲಿಲ್ಲ. ಅವಳು ನೋಡಿದಳು. ಚೆನ್ನಾಗಿದೆ ಎನ್ನಲಿಲ್ಲ. ರಾತ್ರಿ ಅನ್ನ ಬಡಿಸುವಾಗ ಅವನ ತಟ್ಟೆಗೆ ತುಪ್ಪ ಒಂದು ಚಮಚ ಹೆಚ್ಚಾಗಿ ಬಿತ್ತು, ಅಷ್ಟೇ.

ನಾಲ್ಕು ದಿನ ಬಿಟ್ಟು ಸಿಮೆಂಟು ಗಟ್ಟಿಯಾದ ಮೇಲೆ ಆ ಹಲಗೆಯನ್ನು ಗೋಣಿಚೀಲದಲ್ಲಿ ಸುತ್ತಿ, ಒಂದು ಹಳೆಯ ಕಪ್ಪು ಲಂಗವನ್ನು ಚೀಲಕ್ಕೆ ತುರುಕಿ, ಅವಳು ಮಷೀನಿನ ಅಂಗಡಿಗೆ ಹೋದಳು. ಅಂಗಡಿಯವನು ದಪ್ಪ ಕನ್ನಡಕದ ಮನುಷ್ಯ. ಅವಳ ಹಿಂದೆ ಯಾರಾದರೂ ಗಂಡಸು ಬರುತ್ತಿದ್ದಾನೆಯೇ ಎಂದು ಬಾಗಿಲ ಕಡೆ ನೋಡಿದ.

“ನಾನೊಬ್ಬಳೇ ಬಂದಿರೋದು. ಸಂದಿ ಕೊರೆಯೋ ಮಲ್ಟಿ ಟೂಲ್ ಬೇಕು. ಧೂಳು ಹೀರಬೇಕು.”

“ಬನ್ನಿ ಮೇಡಂ. ಇದು ನೋಡಿ, ನೂರಕ್ಕೆ ತೊಂಬತ್ತೈದು ಪಾಲು ಧೂಳು ಒಳಗೇ.” ಒಂದು ಮಷೀನಿಗೆ ಮರ ಉಜ್ಜುವ ತ್ರಿಕೋನದ ತಟ್ಟೆ ಸಿಕ್ಕಿಸಿ, ಅದಕ್ಕೆ ಪೈಪು ಜೋಡಿಸಿ, ಒಂದು ಮರದ ತುಂಡಿನ ಮೇಲೆ ಆಡಿಸಿದ. ನಿಜಕ್ಕೂ ಧೂಳು ಕಾಣಲಿಲ್ಲ. ಅವನು ಮದುವೆಗಂಡಿನ ಹಾಗೆ ಎದೆಯುಬ್ಬಿಸಿ ನಿಂತ.

“ತಟ್ಟೆ ತುಂಬ ತೂತುಗಳಿವೆಯಲ್ಲ, ಧೂಳು ಅಲ್ಲೇ ಇಳಿದು ಹೋಗುತ್ತೆ. ಸಂದಿ ಕೊರೆಯೋ ಅಲಗಿಗೆ ತೂತಿದೆಯಾ?”

“ಅದಕ್ಕೆ... ಅದಕ್ಕೂ ಹಾಗೇ ಹೀರುತ್ತೆ.”

“ಹೀರುತ್ತೆ ಅಂದ್ರೆ ಹೀರಿಸಿ ತೋರಿಸಿ. ನಾನು ಬಾಗಿಲು ಉಜ್ಜೋಕೆ ಬಂದಿಲ್ಲ.”

ಗೋಣಿ ಬಿಚ್ಚಿ ಹಲಗೆಯನ್ನು ಕೌಂಟರಿಗೆ ಒರಗಿಸಿ ನಿಲ್ಲಿಸಿದಳು. ಅದರ ಕೆಳಗೆ ಕಪ್ಪು ಲಂಗ ಹಾಸಿದಳು. ಮೂಗಿಗೆ ಮಾಸ್ಕ್ ಹಾಕಿಕೊಂಡಳು. ಅಂಗಡಿಯವನ ಮುಖ ಹುಳಿ ತಿಂದ ಹಾಗಾಯಿತು. ಅಷ್ಟು ಹೊತ್ತಿಗೆ ಬೇರೆ ಗಿರಾಕಿಗಳೂ ಸುತ್ತ ಸೇರಿದ್ದರಿಂದ ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ.

ಅದೇ ಮಷೀನಿಗೆ ಸಂದಿಯ ಅಲಗು ಸಿಕ್ಕಿಸಿದರೆ ಧೂಳು ಹೀರುವ ಮೂತಿ ಅಲಗಿನಿಂದ ಎರಡು ಬೆರಳು ಹಿಂದೆ ಉಳಿಯಿತು. ಒಂದು ಗೇಣು ಕೊರೆಯುವಷ್ಟರಲ್ಲಿ ಲಂಗದ ಮೇಲೆ ರಂಗೋಲಿ ಹಿಟ್ಟು ಚೆಲ್ಲಿದಂತಾಯಿತು. ಅವಳು ಲಂಗವನ್ನು ಅವನ ಕಡೆಗೆ ತಿರುಗಿಸಿ ಹಿಡಿದು, “ಇದೇನಾ ಮಿಕ್ಕ ಐದು ಪಾಲು?” ಎಂದಳು. ಎರಡನೆಯದಕ್ಕೆ ಮೂತಿಯೇ ಇರಲಿಲ್ಲ; ಬೇರೆ ತರಿಸಬೇಕು, ಬರಲು ತಿಂಗಳಾಗುತ್ತದೆ ಎಂದ. ಬದಿಗಿಟ್ಟಳು. ಮೂರನೆಯದು ಚೆನ್ನಾಗಿ ಹೀರಿತು. ಆದರೆ ಪೈಪು ಹೆಬ್ಬಾವಿನಂತೆ ದಪ್ಪ, ಗಡಸು. ಕೈಯನ್ನು ಒಂದು ಕಡೆಗೆ ಜಗ್ಗುತ್ತಿತ್ತು. ನಿಮಿಷದೊಳಗೆ ಮಣಿಕಟ್ಟು ಜೋಮು ಹಿಡಿಯಿತು. ಇದನ್ನು ಹಿಡಿದು ತಲೆಯ ಮೇಲಿನ ಸಂದಿ ಕೊರೆದರೆ ಅಂಚು ಹಾರಿಹೋಗುವುದು ಖಂಡಿತ. “ಇದು ಕುಸ್ತಿ ಪೈಲ್ವಾನರಿಗೆ ಕೊಡಿ” ಎಂದಳು.

ನಾಲ್ಕನೆಯದನ್ನು ಅಂಗಡಿಯವನು ತಾನಾಗಿ ತೋರಿಸಲಿಲ್ಲ. ಮೇಲಿನ ಅಟ್ಟದಲ್ಲಿದ್ದುದನ್ನು ಅವಳೇ ಬೆರಳು ಮಾಡಿ ಇಳಿಸಿದಳು. ಅದರ ಮೂತಿಯನ್ನು ಹಿಂದೆ ಮುಂದೆ ಸರಿಸಿ ಬಿಗಿಯಬಹುದಿತ್ತು; ಅಲಗಿನ ಹಲ್ಲಿನ ಹತ್ತಿರಕ್ಕೇ ತರಬಹುದಿತ್ತು. ಪೈಪು ಸಣ್ಣದು, ಬಳುಕುವಂಥದ್ದು. ಮಷೀನಿನ ವೈರನ್ನು ವ್ಯಾಕ್ಯೂಮಿಗೇ ಚುಚ್ಚಿದರೆ ಇದು ಶುರುವಾದಾಗ ಅದೂ ಶುರು. ಇದು ನಿಂತ ಮೇಲೂ ಅದು ಎರಡು ಉಸಿರಿನಷ್ಟು ಹೊತ್ತು ಎಳೆದು ನಿಲ್ಲುತ್ತಿತ್ತು. ಹಲಗೆಯ ಮೇಲೆ ಎರಡು ಸಂದಿ ಕೊರೆದಳು. ಲಂಗವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಇದ್ದುದು ಬೆರಳಿಗೆ ಹತ್ತುವಷ್ಟು.

“ವ್ಯಾಕ್ಯೂಮಿನ ಫಿಲ್ಟರು ಯಾವುದು? ಮನೆ ಗುಡಿಸೋದಾ, ಸಣ್ಣ ಧೂಳು ಹಿಡಿಯೋದಾ?” ಎಂದು ಕೇಳುತ್ತಿರುವಾಗ ಬೆನ್ನ ಹಿಂದಿನಿಂದ ಧ್ವನಿ ಬಂತು.

“ಓಹೋ! ಇಲ್ಲಿ ಮೆರವಣಿಗೆ ನಡೀತಿದೆ!”

ಮೇಸ್ತ್ರಿ. ಅವನೂ ಮಷೀನು ಕೊಳ್ಳಲು ಬಂದಿದ್ದ. ಜನರ ನಡುವೆ ತೂರಿಕೊಂಡು ಬಂದು ಹಲಗೆ, ಲಂಗ, ಮಷೀನುಗಳನ್ನು ನೋಡಿದ. “ಮನೆಯ ಬಟ್ಟೆಬರೆ ಬೀದಿಗೆ ತಂದು ಹಾಸಿದ್ದೀಯಲ್ಲಮ್ಮಾ, ಮರ್ಯಾದೆ ಇದೆಯಾ?”

“ಬಟ್ಟೆ ನಂದು. ಮರ್ಯಾದೆ ನಂದು. ನಿಮಗೇನು ಭಾವ?”

“ಈ ವೇಷ ಎಲ್ಲ ಯಾಕೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನಿನ್ನ ಗಂಡನಿಗೆ ಕಾಯಿಲೆ ಬಂದಿದ್ದು ನನ್ನಿಂದ ಅಂತ ಊರಿಗೆಲ್ಲ ಸಾರೋಕೆ. ಅವನು ಮೊದಲಿಂದ್ಲೂ ಪೀಚು. ಚಿಕ್ಕವನಿದ್ದಾಗ್ಲೇ ಶೀತ ಹಿಡಿದ್ರೆ ತಿಂಗಳು ಬಿಡ್ತಿರಲಿಲ್ಲ.”

ಅಂಗಡಿಯವನು ಕನ್ನಡಕ ತೆಗೆದು ಒರೆಸತೊಡಗಿದ. ಸಂದಿಯಕ್ಕ ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು. ಅವಳ ಧ್ವನಿ ಏರಲಿಲ್ಲ. ಏರಿದ್ದರೆ ಮೇಸ್ತ್ರಿಗೆ ಸುಲಭವಾಗುತ್ತಿತ್ತು.

“ನೀರು ಹಾಕಿ ಕತ್ತರಿಸಿ ಅಂದೆ. ಕೆಸರು ಒರೆಸಬೇಕಾಗುತ್ತೆ ಅಂದ್ರಿ. ನಾನು ಬಂದು ಒರೆಸ್ತೀನಿ ಅನ್ನಬೇಕಿತ್ತು, ಅನ್ನಲಿಲ್ಲ. ಅದು ನನ್ನ ತಪ್ಪು. ಬೇಡ ಅಂದಿದ್ದು ನಿಮ್ಮ ತಪ್ಪು. ನನ್ನ ತಪ್ಪನ್ನ ನಾನು ದಿನಾ ಮನೇಲಿ ನೋಡ್ತೀನಿ, ಉಸಿರಿಗೆ ಒದ್ದಾಡೋದನ್ನ ಕೇಳ್ತೀನಿ. ನಿಮ್ಮದನ್ನ ನೀವು ಒಂದು ದಿನ ಆದ್ರೂ ಬಂದು ನೋಡಿದ್ದೀರಾ?”

ಮೇಸ್ತ್ರಿ ಅಂಗಡಿಯವನ ಕಡೆ ತಿರುಗಿ, “ಆ ಮೊದಲನೇದು ಕಟ್ಟಿಕೊಡ್ರೀ” ಎಂದು ಅವಳು ತಿರಸ್ಕರಿಸಿದ್ದ ಮಷೀನನ್ನೇ ತೆಗೆದುಕೊಂಡ. ಹೋಗುವಾಗ ಬಾಗಿಲಲ್ಲಿ ನಿಂತು, “ನಾಳೆಯಿಂದ ನನ್ನ ಜೊತೆ ಕೆಲಸಕ್ಕೆ ಬರಬೇಡ” ಎಂದ.

“ಬರೋದಿಲ್ಲ. ಹಾಸ್ಟೆಲಿಗೆ ಬರ್ತೀನಿ.”

ಕೂಡಿಟ್ಟದ್ದನ್ನೆಲ್ಲ ಕೊಟ್ಟು ಅವಳು ನಾಲ್ಕನೆಯ ಮಷೀನು, ವ್ಯಾಕ್ಯೂಮು, ಸಣ್ಣ ಧೂಳಿನ ಫಿಲ್ಟರು ಕೊಂಡಳು. ಮನೆಗೆ ತಂದಿಟ್ಟಾಗ ಗಂಡ ಡಬ್ಬದ ಮೇಲೆ ಕೈಯಾಡಿಸಿ, “ಅಣ್ಣ ಏನಂದ?” ಎಂದು ಕೇಳಿದ.

“ನೀವು ಚಿಕ್ಕವರಿದ್ದಾಗ ಶೀತ ಹಿಡಿದ್ರೆ ತಿಂಗಳು ಬಿಡ್ತಿರಲಿಲ್ಲ ಅಂದ್ರು.”

ಗಂಡ ಡಬ್ಬದ ಮೇಲಿಂದ ಕೈ ತೆಗೆದ. “ಶೀತ ಹಿಡೀತಿದ್ದಿದ್ದು ಅವನಿಗೆ” ಎಂದ.

ವಾರ ಮುಗಿದ ದಿನ ಬೆಳಿಗ್ಗೆ ಹಾಸ್ಟೆಲಿನ ಮೆಟ್ಟಿಲಲ್ಲಿ ಇಬ್ಬರೂ ಎದುರಾದರು. ಮೇಸ್ತ್ರಿಯ ಜೊತೆ ಇಬ್ಬರು ಆಳುಗಳು, ಅವಳು ಒಬ್ಬಳೇ. ವಾರ್ಡನ್ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. “ನಿಮ್ಮ ಮನೆ ಜಗಳ ನನಗೆ ಬೇಡ. ಎದುರುಬದುರು ಎರಡು ಬಚ್ಚಲಿವೆ. ಅವರೊಂದು, ನೀನೊಂದು. ಹೊರಗಿನ ನೆಲ ನಾನೇ ಈಗ ತಾನೇ ಒರೆಸಿದ್ದೀನಿ. ಮಧ್ಯಾಹ್ನ ಬಂದು ನೋಡ್ತೀನಿ.”

ಸಂದಿಯಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೊದಲ ಅರ್ಧ ಗಂಟೆ ಅವಳ ಲೆಕ್ಕ ತಪ್ಪಿತು. ಅಂಗಡಿಯಲ್ಲಿ ಕಾಣದ ಧೂಳು ಇಲ್ಲಿ ಬೆಳಕಿನ ಕೋಲಿನಲ್ಲಿ ತೇಲುತ್ತಿತ್ತು. ಮಷೀನು ನಿಲ್ಲಿಸಿ, ಕೂತು, ಪೈಪು ಬಿಚ್ಚಿ ನೋಡಿದಳು, ಕಟ್ಟಿಕೊಂಡಿರಲಿಲ್ಲ. ಫಿಲ್ಟರು ಸರಿಯಿತ್ತು. ಆಮೇಲೆ ಹೊಳೆಯಿತು. ಸಂದಿಯ ಗೆರೆ ಕಣ್ಣಿಗೆ ಕಾಣಲಿ ಎಂದು ಅವಳೇ ಮೂತಿಯನ್ನು ಒಂದು ಬೆರಳು ಹಿಂದಕ್ಕೆ ಸರಿಸಿ ಬಿಗಿದಿದ್ದಳು. ಮೂತಿ ಮುಂದಕ್ಕೆ ತಂದರೆ ಗೆರೆ ಕಾಣುವುದಿಲ್ಲ, ಹಿಂದಕ್ಕೆ ಒಯ್ದರೆ ಧೂಳು ಸಿಗುವುದಿಲ್ಲ. ಎರಡರಲ್ಲಿ ಒಂದು. ಅವಳು ಮೂತಿಯನ್ನು ಟೈಲ್ಸಿಗೆ ಮುಟ್ಟುವಷ್ಟು ಮುಂದೆ ತಂದು ಬಿಗಿದಳು. ಎಡಗೈಯ ತೋರುಬೆರಳನ್ನು ಮುಂದಿನ ಸಂದಿಯಲ್ಲಿಟ್ಟು ದಾರಿ ಹಿಡಿದಳು. ಸಿಮೆಂಟಿನಲ್ಲಿ ಅಲಗು ಒರಟಾಗಿ ಗೊರಗುಟ್ಟುತ್ತಿತ್ತು. ಟೈಲ್ಸಿನ ಅಂಚು ತಾಗಿದರೆ ಸಣ್ಣಗೆ ಕೀಚೆನ್ನುತ್ತಿತ್ತು. ಕೀಚೆಂದ ಕೂಡಲೇ ಕೈ ಸಡಿಲಿಸುವುದನ್ನು ಕಲಿತಳು. ಕಲಿಯುವ ಮೊದಲು ಕಿಟಕಿಯ ಕೆಳಗಿನ ಒಂದು ಟೈಲ್ಸಿನ ಮೂಲೆ ಹಾರಿತು. ತನ್ನನ್ನೇ ಬೈದುಕೊಂಡಳು. ತೇಲುತ್ತಿದ್ದ ಧೂಳು ಮಾತ್ರ ನಿಂತಿತು.

ಎದುರಿನ ಬಚ್ಚಲಿನಲ್ಲಿ ಮೇಸ್ತ್ರಿ ಮನೆ ಗುಡಿಸುವ ವ್ಯಾಕ್ಯೂಮನ್ನು ಮಷೀನಿಗೆ ಟೇಪು ಸುತ್ತಿ ಕಟ್ಟಿದ್ದ. ಅದು ಒಂದು ಗಂಟೆ ಎಳೆಯಿತು. ಆಮೇಲೆ ಅದರ ಒಳಗಿನ ಬಟ್ಟೆ ಕಟ್ಟಿಕೊಂಡು, ಮುಂದಿನಿಂದ ಹೀರಿದ್ದನ್ನೆಲ್ಲ ಹಿಂದಿನಿಂದ ಹೊಗೆಯಂತೆ ಊದತೊಡಗಿತು. ಉದ್ದಣ್ಣ ಬಾಗಿಲು ತೆಗೆದು ಹೊರಗೋಡಿದ. ಅವನ ಹಿಂದೆಯೇ ಧೂಳೂ ಹೊರಬಂತು.

ಮಧ್ಯಾಹ್ನ ವಾರ್ಡನ್ ಬಂದಾಗ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ಅವರು ಸಂದಿಯಕ್ಕನ ಬಚ್ಚಲಿನ ಬಾಗಿಲ ಚೌಕಟ್ಟು, ಸ್ವಿಚ್ಚು, ಕನ್ನಡಿಯ ಮೇಲಂಚು ಎಲ್ಲದರ ಮೇಲೆ ಬೆರಳೆಳೆದರು. ಬೆರಳನ್ನು ನೋಡಿಕೊಂಡರು.

“ಪೂರ್ತಿ ಇಲ್ಲ ಅಂತೇನಿಲ್ಲ.”

“ಪೂರ್ತಿ ಇಲ್ಲದ ಹಾಗೆ ಯಾವ ಮಷೀನೂ ಮಾಡಲ್ಲ. ಅದಕ್ಕೇ ನಾನು ಮಾಸ್ಕ್ ಹಾಕಿರೋದು. ಬಾಗಿಲು ದಾಟಿದೆಯಾ ಹೇಳಿ.”

“ದಾಟಿಲ್ಲ” ಎಂದರು ವಾರ್ಡನ್, ಹಲ್ಲು ಕೀಳಿಸಿಕೊಂಡವರ ಹಾಗೆ. “ಅಲ್ಲೊಂದು ಮೂಲೆ ಒಡೆದಿದ್ದೀಯ.”

“ಬದಲಾಯಿಸಿಕೊಡ್ತೀನಿ.”

“ಬದಲಾಯಿಸು. ಮಿಕ್ಕ ಮೂವತ್ತೈದೂ ನೀನೇ ಮಾಡು. ಇನ್ನೊಂದು ಮೂಲೆ ಒಡೆದ್ರೆ ನಾನು ಸುಮ್ನಿರಲ್ಲ.”

ಮೇಸ್ತ್ರಿ ಅಲ್ಲೇ ನಿಂತಿದ್ದ. ಮೈಯೆಲ್ಲ ಬಿಳಿ. ಏನೋ ಹೇಳಹೋಗಿ ಕೆಮ್ಮಿದ. ಗಂಡನ ಕೆಮ್ಮಿನ ಮೊದಲ ದಿನಗಳು ಅವಳಿಗೆ ನೆನಪಾದವು. ಆದರೆ ಮರುಕ ಹುಟ್ಟಲಿಲ್ಲ. ಹುಟ್ಟಬೇಕಿತ್ತೇನೋ ಎಂದು ಒಂದು ಕ್ಷಣ ಕಾದು ನೋಡಿದಳು ಕೂಡ. ಆಮೇಲೆ ವ್ಯಾಕ್ಯೂಮಿನ ವೈರು ಸುತ್ತತೊಡಗಿದಳು.

ಆ ಭಾನುವಾರ ಮೇಸ್ತ್ರಿ ಮನೆಗೆ ಬಂದ. ಮೂರು ವರ್ಷದಲ್ಲಿ ತಮ್ಮನ ಮನೆಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತು ತಮ್ಮನನ್ನು ಕರೆದು, “ನಿನ್ನ ಹೆಂಡತಿ ನನ್ನ ಹೊಟ್ಟೆಯ ಮೇಲೆ ಹೊಡೆದ್ಲು. ಉದ್ದಣ್ಣನೂ ಅವಳ ಕಡೆ ಹೋಗಿದ್ದಾನೆ. ನೀನು ಬಾಯಲ್ಲಿ ಏನಿಟ್ಕೊಂಡಿದ್ದೀಯ? ಹೇಳು ಅವಳಿಗೆ” ಎಂದ.

ಗಂಡ ಎದ್ದ. ಸಂದಿಯಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಇವರು ಈಗ ಅಣ್ಣನ ಕಾಲು ಹಿಡಿಯುತ್ತಾರೆ ಎಂದುಕೊಂಡಳು. ಗಂಡ ಬೀರು ತೆಗೆದು ದೊಡ್ಡ ಲಕೋಟೆಯೊಂದನ್ನು ಹೊರಗೆಳೆದ. ಅದರೊಳಗಿನ ಎದೆಯ ಫೋಟೋವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದ.

“ಅಣ್ಣಾ, ಇಲ್ಲಿ ಬಂದು ನೋಡು. ಈ ಚುಕ್ಕೆಗಳೆಲ್ಲ ನಾವಿಬ್ಬರೂ ಸೇರಿ ಮಾಡಿದ ಕೆಲಸ. ಇಷ್ಟು ದಿನ ನಿನಗೆ ತೋರಿಸಲಿಲ್ಲ, ನಿನಗೆ ನೋವಾಗುತ್ತೆ ಅಂತ.”

ಮೇಸ್ತ್ರಿ ಎರಡು ಹೆಜ್ಜೆ ಒಳಗೆ ಬಂದ. ನೋಡಿದ. “ನನಗಿದೆಲ್ಲ ಅರ್ಥ ಆಗಲ್ಲ” ಎಂದ.

“ಅರ್ಥ ಆಗೋದು ಬೇಡ. ನಿಂದೂ ಒಂದು ತೆಗೆಸು.”

“ನನಗೇನಾಗಿದೆ? ಕಲ್ಲಿನ ಹಾಗಿದ್ದೀನಿ!” ಎಂದು ಮೇಸ್ತ್ರಿ ಬಾಗಿಲನ್ನು ಧಡಾರನೆ ಎಳೆದುಕೊಂಡು ಹೋದ. ಗಂಡ ಫೋಟೋವನ್ನು ಲಕೋಟೆಗೆ ಹಾಕಲು ಹೋದ. ಅದರ ಮೂಲೆ ಲಕೋಟೆಯ ಅಂಚಿಗೆ ಸಿಕ್ಕಿಕೊಂಡಿತು. ಅವಳು ಬಂದು ಲಕೋಟೆಯ ಬಾಯಿ ಅಗಲಿಸಿ ಹಿಡಿದಳು. ಆ ದಿನದಿಂದ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತೇಹೋಯಿತು.

ಹಾಸ್ಟೆಲಿನ ಕೆಲಸ ಐದು ತಿಂಗಳು ಹಿಡಿಯಿತು. ವಾರ್ಡನ್ ಕೊನೆಯ ದಿನದವರೆಗೆ ಬೆರಳೆಳೆಯುವುದನ್ನು ಬಿಡಲಿಲ್ಲ. ಒಂದು ದಿನವೂ ಒಳ್ಳೆಯ ಮಾತಾಡಲಿಲ್ಲ. ಆದರೆ ಅವರ ಬಾಯಿಂದಲೇ ಕೇಳಿ ಒಂದು ಹೆರಿಗೆ ಆಸ್ಪತ್ರೆಯವರು ಅವಳನ್ನು ಕರೆದರು. ಗಂಡನ ಉಸಿರು ಸುಧಾರಿಸಲಿಲ್ಲ, ಅದಕ್ಕಿಂತ ಕೆಡಲೂ ಇಲ್ಲ. ಅವಳು ಕೆಲಸದ ಬಟ್ಟೆಯನ್ನು ಹೊರಗೇ ಬಿಚ್ಚಿ, ತಲೆ ತೊಳೆದುಕೊಂಡೇ ಒಳಗೆ ಬರುತ್ತಿದ್ದಳು.

ಹೆರಿಗೆ ಆಸ್ಪತ್ರೆಯ ಕೆಲಸ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಫೋನು ಬಂತು. ಓರಗಿತ್ತಿ, ಮೇಸ್ತ್ರಿಯ ಹೆಂಡತಿ. ಪಿಸುಗುಟ್ಟುತ್ತಿದ್ದಳು.

“ಇವರು ನಿನ್ನಂಥದ್ದೇ ಮಷೀನು ತಂದಿದ್ದಾರೆ ಕಣೇ. ಆದ್ರೂ ಧೂಳು ಬರ್ತಿದೆಯಂತೆ. ಅಂಗಡಿಯವನಿಗೆ ಬೈದು ಬಂದ್ರು. ನಿನ್ನ ಕೇಳು ಅಂತ ಹೇಳಲಿಲ್ಲ, ನಾನೇ ಕೇಳ್ತಿದ್ದೀನಿ.”

ಆಕೆಯ ಮಾತಿನ ಹಿಂದೆ ಒಬ್ಬ ಗಂಡಸು ಕೆಮ್ಮುವುದು ಕೇಳಿಸಿತು.

“ಅಕ್ಕಾ, ಜೋರಾಗಿ ಹೇಳ್ತೀನಿ, ಪಕ್ಕದಲ್ಲಿ ನಿಂತಿರೋರಿಗೂ ಕೇಳಿಸಲಿ. ಗೆರೆ ಕಾಣಬೇಕು ಅನ್ನೋ ಹಟ ಬಿಡಬೇಕು. ಮೂತಿ ಟೈಲ್ಸಿಗೆ ಮುಟ್ಟಬೇಕು. ದಾರಿ ಬೆರಳಲ್ಲಿ ಹಿಡೀಬೇಕು. ದಿನಾ ಸಂಜೆ ಫಿಲ್ಟರು ತೆಗೆದು ನೋಡಬೇಕು. ಮಾಸ್ಕ್ ಹಾಕಬೇಕು, ಆಳಿಗೂ ಕೊಡಬೇಕು. ಆ ಆಳು ಯಾರದೋ ಮನೆ ಗಂಡ.”

ಫೋನು ಕೈ ಬದಲಾದ ಸದ್ದು. “ಮೂತಿ ಏನು ಮಾಡಬೇಕು ಅಂದೆ?” ಮೇಸ್ತ್ರಿಯ ಒರಟು ಧ್ವನಿ.

“ಮುಟ್ಟಬೇಕು ಅಂದೆ. ಕಿವೀಲೂ ಧೂಳು ಕೂತಿದೆಯಾ?”

ಫೋನು ಕಟ್ಟಾಯಿತು. ಉದ್ದಣ್ಣ ಬಚ್ಚಲಿನ ಒಳಗಿನಿಂದ ತಲೆ ಹಾಕಿ, “ಯಾರಕ್ಕಾ?” ಎಂದ.

“ಯಾರೋ ಮಷೀನು ತಗೊಂಡಿರೋರು” ಎಂದು ಅವಳು ಮಾಸ್ಕನ್ನು ಮೂಗಿಗೇರಿಸಿಕೊಂಡು ಒಳಗೆ ಹೋದಳು.